ಏದುಸಿರು ಬಂದರೆ ಕೂರಿಸಬೇಕೇ, ನಡೆಸಬೇಕೇ?

(ಮಣಿನಗರದಲ್ಲಿ ನಡೆದ ಮಹಿಳಾ ವೇದಿಕೆಯ ಆರೋಗ್ಯ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)



ಐದು ನಿಮಿಷ ತಡವಾಗಿ ಶುರು ಮಾಡುತ್ತಿದ್ದೇನೆ, ಕ್ಷಮಿಸಿ. ನನ್ನ ಅತ್ತೆ ಇನ್ನೂ ಮೆಟ್ಟಿಲು ಹತ್ತುತ್ತಿದ್ದಾರೆ. ಈ ಹಾಲ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಇಪ್ಪತ್ತೆರಡು ಮೆಟ್ಟಿಲು. "ನೀನ್ ಹೋಗಿ ಶುರು ಮಾಡವ್ವ, ನಾನ್ ನಿಧಾನಕ್ಕೆ ಬತ್ತೀನಿ" ಅಂದರು. ಇವತ್ತು ನಾನು ಮಾತಾಡುವುದೂ ಅವರ ಬಗ್ಗೆಯೇ. ಅವರ ಒಪ್ಪಿಗೆ ಕೇಳಿಯೇ ಬಂದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಎಂಟೆಕ್ ಓದಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಮನೆಯಲ್ಲೊಂದು ಕಾಯಿಲೆ ಬಂದಾಗ ನಮ್ಮಂಥವರು ಮಾಡುವುದನ್ನೇ ನಾನೂ ಮಾಡಿದೆ: ರಾತ್ರಿ ಕೂತು ಓದಿದೆ. ಓದಿದ್ದರಲ್ಲಿ ಅರ್ಧ ಉಪಯೋಗಕ್ಕೆ ಬಂತು, ಇನ್ನರ್ಧದಿಂದ ಒಂದು ಅನಾಹುತ ಆಗುವುದರಲ್ಲಿತ್ತು. ಎರಡನ್ನೂ ಹೇಳುತ್ತೇನೆ.

ಅತ್ತೆಯ ಊರು ಹುಣಸೂರು ತಾಲೂಕು. ಮಾವ ತೀರಿಕೊಂಡ ಮೇಲೆ, 2022ರಲ್ಲಿ, ಅವರು ನಮ್ಮ ಜೊತೆ ಇರಲು ಬಂದರು. ಬಂದಾಗಲೇ ಕೆಮ್ಮು, ಕಫ ಇತ್ತು. ಬಾತ್‌ರೂಮಿಗೆ ಹೋಗಿ ಬಂದರೂ ಏದುಸಿರು. ಊರಿನಲ್ಲಿ ಅದಕ್ಕೆ ಗೂರಲು, ದಮ್ಮು, ವಯಸ್ಸಾಯಿತು ಎಂದು ಮೂರು ಹೆಸರು ಕೊಟ್ಟಿದ್ದರು. ಇಲ್ಲಿ ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಆದ ಮೇಲೆ ಸಿಒಪಿಡಿ ಅಂದರು. ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಗೆ ಬಾರದ ಕಾಯಿಲೆ. ಡಾಕ್ಟರ್ ಮೊದಲು ಕೇಳಿದ್ದು, "ಬೀಡಿ ಸೇದುತ್ತಿದ್ದರಾ?" ಎಂದು. ನಾನು ಅನುವಾದಿಸಿದಾಗ ಅತ್ತೆಗೆ ಬಂದ ಕೋಪ ನೋಡಬೇಕಿತ್ತು.

ಬೀಡಿ ಸೇದಲಿಲ್ಲ. ಆದರೆ ಮೂವತ್ತನಾಲ್ಕು ವರ್ಷ ಸೌದೆ ಒಲೆಯ ಮುಂದೆ ಕೂತಿದ್ದರು. ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಬಗ್ಗೆ ಮಾಡಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಗಿದೆ. ಅದರಲ್ಲಿ ಒಂದು ಸರಳ ಲೆಕ್ಕ ಇದೆ: ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಇದ್ದರು, ಅದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿ. ಉತ್ತರ 60 ದಾಟಿದರೆ ದೀರ್ಘಕಾಲದ ಕಫ-ಕೆಮ್ಮಿನ ಅಪಾಯ ಏರುತ್ತದೆ. ಅತ್ತೆಯದು ದಿನಕ್ಕೆ ನಾಲ್ಕು ಗಂಟೆ. 136. ಇದರಲ್ಲಿ ಹೊಗೆಸೊಪ್ಪಿನ ಬ್ಯಾರನ್ ಸೇರಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಗೊತ್ತಿರುತ್ತದೆ, ಸೊಪ್ಪು ಹದ ಮಾಡುವ ದಿನಗಳಲ್ಲಿ ರಾತ್ರಿಯೆಲ್ಲಾ ಎದ್ದು ಬ್ಯಾರನ್ನಿನ ಬೆಂಕಿಗೆ ಸೌದೆ ಹಾಕಬೇಕು. ಆ ಕೆಲಸಕ್ಕೂ ಅತ್ತೆಯೇ ಎದ್ದಿದ್ದು. ಉಜ್ವಲಾ ಯೋಜನೆ ಬಂದದ್ದು 2016ರಲ್ಲಿ. ಅಷ್ಟರಲ್ಲಿ ಅವರ ಶ್ವಾಸಕೋಶ ತನ್ನ ಲೆಕ್ಕ ಮುಗಿಸಿತ್ತು. ಅದೇ 2016ರ ಅಂದಾಜಿನ ಪ್ರಕಾರ ದೇಶದಲ್ಲಿ ಸುಮಾರು 5.5 ಕೋಟಿ ಜನಕ್ಕೆ ಈ ಕಾಯಿಲೆ ಇತ್ತು. ಇಲ್ಲಿ ಕೂತಿರುವ ನಮ್ಮ ಎಷ್ಟು ಜನರ ಅಮ್ಮ, ಅಜ್ಜಿ, ಅತ್ತೆಯರು ಆ ಲೆಕ್ಕದಲ್ಲಿ ಸೇರಿದ್ದಾರೋ. ಈಗಲೇ ಮನಸ್ಸಿನಲ್ಲೇ ಗುಣಿಸಿ ನೋಡಿ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಅತ್ತೆ ಎದ್ದರೆ ಏದುಸಿರು ಬರುತ್ತದೆ, ಸರಿ, ಏಳುವುದೇ ಬೇಡ. ಇದು ನಮ್ಮ ಮನೆಯ ತೀರ್ಮಾನವಾಗಿತ್ತು. ನೀರು ಬೇಕಾ, ನಾನು ತರುತ್ತೇನೆ. ಬಟ್ಟೆ ಮಡಚಬೇಡಿ. ಸೊಪ್ಪು ಬಿಡಿಸುವುದಾದರೆ ಕೂತಲ್ಲೇ ಬಿಡಿಸಿ. "ನೀವು ಕೂತ್ಕೊಳ್ಳಿ ಅತ್ತೆ" ಎಂಬ ಮಾತನ್ನು ಒಂದೂವರೆ ವರ್ಷದಲ್ಲಿ ಎಷ್ಟು ಸಾವಿರ ಸಲ ಹೇಳಿದೆನೋ. ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದು ಹೆಸರೂ ಬಂತು. ಅಷ್ಟರಲ್ಲಿ ಅತ್ತೆ ಕುರ್ಚಿಯಿಂದ ಕೈ ಊರದೆ ಏಳಲಾರದ ಸ್ಥಿತಿಗೆ ಬಂದಿದ್ದರು. ನಾವು ಕಾಯಿಲೆ ಜಾಸ್ತಿಯಾಗಿದೆ ಅಂದುಕೊಂಡೆವು. ಪರೀಕ್ಷೆ ಮಾಡಿದರೆ ಶ್ವಾಸಕೋಶದ ಅಂಕಿ ಹೆಚ್ಚುಕಡಿಮೆ ಅಷ್ಟೇ ಇತ್ತು. ಕರಗಿದ್ದು ತೊಡೆಯ ಸ್ನಾಯು. ಕೂರಿಸಿದವಳು ನಾನು.

ಕಾಲಿಗೂ ಉಸಿರಿಗೂ ಏನು ಸಂಬಂಧ ಅಂತ ನಾನೂ ಕೇಳಿದೆ. ಬಳಸದ ಸ್ನಾಯು ಸ್ವಲ್ಪ ಕೆಲಸಕ್ಕೇ ಸೋತು ಆಮ್ಲ ಉತ್ಪತ್ತಿ ಮಾಡುತ್ತದೆ, ಅದನ್ನು ಸರಿದೂಗಿಸಲು ದೇಹ ಇನ್ನಷ್ಟು ಉಸಿರು ಕೇಳುತ್ತದೆ. ಉಸಿರು ಸಾಲದು ಎಂದು ಕೂರುತ್ತೇವೆ, ಕೂತಷ್ಟೂ ಕಾಲು ಸೋಲುತ್ತದೆ, ಕಾಲು ಸೋತಷ್ಟೂ ಉಸಿರು ಸಾಲದಾಗುತ್ತದೆ. ಎತ್ತು ಗಾಣ ಸುತ್ತಿದ ಹಾಗೆ.

ಇದರ ಮಧ್ಯೆ ಆಕ್ಸಿಜನ್ ಪ್ರಸಂಗ ಒಂದಿದೆ. ಪಕ್ಕದ ಮನೆಯ ಬೆನ್ 2021ರ ಏಪ್ರಿಲ್‌ನಲ್ಲಿ, ಆ ಭಯಂಕರ ದಿನಗಳಲ್ಲಿ, ಒಂದು ಕಾನ್ಸಂಟ್ರೇಟರ್ ಕೊಂಡಿದ್ದರು. ಆಮೇಲೆ ಅದು ಅವರ ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. "ಲೈ ಜಾವ್" ಅಂದರು, ತಂದೆ. ಅತ್ತೆಯ ಮೂಗಿಗೆ ನಳಿಕೆ ಹಾಕಿ ನಾಲ್ಕು ಲೀಟರಿಗೆ ಇಟ್ಟು ಮಲಗಿಸಿದೆ. ಎರಡಕ್ಕಿಂತ ನಾಲ್ಕು ಒಳ್ಳೆಯದಲ್ಲವೇ! ಬೆಳಿಗ್ಗೆ ಎಬ್ಬಿಸಿದರೆ ಮಂಪರು, ತಲೆನೋವು, ಮಾತು ತೊದಲು. ಆಸ್ಪತ್ರೆಗೆ ಓಡಿದೆವು. ಕೆಲವು ಸಿಒಪಿಡಿ ರೋಗಿಗಳಿಗೆ ಆಕ್ಸಿಜನ್ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಅದಕ್ಕೇ ಅಂಥವರಿಗೆ ಆಕ್ಸಿಮೀಟರಿನಲ್ಲಿ 88ರಿಂದ 92 ಇದ್ದರೆ ಸಾಕು, 98 ಮಾಡಲು ಹೋಗಬಾರದು ಎಂದು ಆ ದಿನ ಬೈಸಿಕೊಂಡು ಕಲಿತೆ. ದೇವರ ದಯೆ, ಬೇಗ ಸರಿಹೋದರು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಆಕ್ಸಿಜನ್ ಕೂಡ ಔಷಧಿಯೇ, ಚೀಟಿಯಿಲ್ಲದೆ ಕೊಡುವಂಥದ್ದಲ್ಲ.

ಆ ಬೈಗುಳದ ಕೊನೆಯಲ್ಲೇ ಡಾಕ್ಟರ್ ಅಂದದ್ದು: "ಇವರಿಗೆ ಬೇಕಾದದ್ದು ಮಷೀನ್ ಅಲ್ಲ, ವ್ಯಾಯಾಮ." ನಡೆದರೆ ಉಸಿರುಗಟ್ಟುವವರಿಗೆ ವ್ಯಾಯಾಮವೇ? ಅದಕ್ಕೆ ಪಲ್ಮನರಿ ರಿಹ್ಯಾಬಿಲಿಟೇಶನ್ ಎನ್ನುತ್ತಾರೆ. ಮನೆಗೆ ಬಂದು ಓದಿದೆ. 2015ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ 65 ಪ್ರಯೋಗಗಳನ್ನು, 3,822 ರೋಗಿಗಳನ್ನು ಒಟ್ಟುಗೂಡಿಸಿ ನೋಡಿದೆ. ಏದುಸಿರು, ಸುಸ್ತು, ನಡೆಯುವ ಶಕ್ತಿ, ಎಲ್ಲದರಲ್ಲೂ ಸುಧಾರಣೆ. ಉಪಯೋಗ ಇದೆಯೋ ಇಲ್ಲವೋ ಎಂದು ಕೇಳುವ ಪ್ರಯೋಗಗಳನ್ನು ಇನ್ನು ಮಾಡಬೇಕಾಗಿಲ್ಲ ಎನ್ನುವಷ್ಟು ಸ್ಪಷ್ಟವಾಗಿತ್ತು. ಶ್ವಾಸಕೋಶ ಹೊಸದಾಗುವುದಿಲ್ಲ. ಇರುವ ಉಸಿರಿನಲ್ಲಿ ಹೆಚ್ಚು ದೂರ ಹೋಗಲು ಕಾಲು ಕಲಿಯುತ್ತದೆ.

ಮೊದಲ ದಿನ ಆರು ನಿಮಿಷದ ನಡಿಗೆ ಪರೀಕ್ಷೆ. 30 ಮೀಟರ್ ಉದ್ದದ ಕಾರಿಡಾರ್, ಎರಡು ಕೊನೆಗೂ ಒಂದೊಂದು ಗುರುತು, ಆರು ನಿಮಿಷದಲ್ಲಿ ಎಷ್ಟು ದೂರ ಆಗುತ್ತದೋ ಅಷ್ಟು. ನಡುವೆ ನಿಲ್ಲಬಹುದು, ಗಡಿಯಾರ ನಿಲ್ಲುವುದಿಲ್ಲ. ಅತ್ತೆ ಮೂರು ಸಲ ನಿಂತು 190 ಮೀಟರ್ ನಡೆದರು. ಶುರುವಿನಲ್ಲಿ 94 ಇದ್ದ ಆಕ್ಸಿಜನ್ 86ಕ್ಕೆ ಇಳಿಯಿತು. ನಾನು ಗೋಡೆಗೆ ಒರಗಿ ನಿಂತು ಅತ್ತುಬಿಟ್ಟೆ. ಕಾಂಕರಿಯಾ ಕೆರೆಯ ಒಂದು ಸುತ್ತು ಎರಡು ಕಿಲೋಮೀಟರಿಗಿಂತ ಹೆಚ್ಚು, ನಾವು ಬೆಳಿಗ್ಗೆ ಹರಟುತ್ತಾ ಹಾಕಿಬಿಡುತ್ತೇವೆ. ಅದರ ಹತ್ತನೇ ಒಂದು ಭಾಗವೂ ಅವರಿಗೆ ಆಗಲಿಲ್ಲ.

ಇನ್ನು ಇವತ್ತಿನ ಮುಖ್ಯ ಮಾತು: ವ್ಯಾಯಾಮದ ಹೊತ್ತಿನಲ್ಲಿ ಉಸಿರಿಗೆ ಆಸರೆ ಕೊಡುವುದು ಹೇಗೆ?

ಮೊದಲು ಒಳಗೆ ಏನಾಗುತ್ತದೆ ನೋಡಿ. ಸುಮ್ಮನೆ ಕೂತಾಗ ನಿಮಿಷಕ್ಕೆ 15 ಸಲ ಉಸಿರಾಡಿದರೆ ಒಂದೊಂದು ಉಸಿರಿಗೆ 4 ಸೆಕೆಂಡ್ ಸಿಗುತ್ತದೆ. ನಡೆಯುವಾಗ 30 ಸಲ ಆದರೆ ಸಿಗುವುದು ಎರಡೇ ಸೆಕೆಂಡ್. ಕಿರಿದಾದ ನಾಳದಿಂದ ಅಷ್ಟರಲ್ಲಿ ಗಾಳಿ ಪೂರ್ತಿ ಹೊರಗೆ ಹೋಗುವುದಿಲ್ಲ. ಹಳೆಯದು ಉಳಿದಿರುವಾಗಲೇ ಹೊಸದು ಬರುತ್ತದೆ. ಮಣಿನಗರ ಸ್ಟೇಷನ್ನಿನಲ್ಲಿ ಇಳಿಯುವವರು ಇಳಿಯುವ ಮೊದಲೇ ಹತ್ತುವವರು ನುಗ್ಗುತ್ತಾರಲ್ಲ, ಹಾಗೆ. ಎದೆ ಉಬ್ಬಿಕೊಂಡೇ ಇರುತ್ತದೆ. ರೋಗಿಗೆ ಗಾಳಿ ಒಳಗೆ ಬರುತ್ತಿಲ್ಲ ಅನಿಸುತ್ತದೆ, ನಿಜವಾಗಿ ಹೊರಗೆ ಹೋಗುತ್ತಿಲ್ಲ. ಇದು ಗೊತ್ತಾದ ಮೇಲೆ ನಾನು "ದೀರ್ಘವಾಗಿ ಉಸಿರು ಎಳೀರಿ ಅತ್ತೆ" ಎಂದು ಹೇಳುವುದನ್ನು ಬಿಟ್ಟೆ.

ಹಾಗಾಗಿ ಮೊದಲ ಆಸರೆ ತುಟಿ. ಮೂಗಿನಿಂದ ಎಳೆದು, ತುಟಿ ಸುತ್ತಿ, ಎಳೆದದ್ದಕ್ಕಿಂತ ಎರಡು ಪಟ್ಟು ಹೊತ್ತು ಮೆಲ್ಲಗೆ ಬಿಡುವುದು. ತುಟಿಯ ಒತ್ತಡದಿಂದ ಕಿರಿದಾದ ನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ, ಉಸಿರಿನ ವೇಗವೂ ಇಳಿಯುತ್ತದೆ. ಫಿಸಿಯೋಥೆರಪಿಸ್ಟ್ ಹುಡುಗಿ "ಧೀಮೆ ಧೀಮೆ ಛೋಡೋ ಬಾ" ಅನ್ನುತ್ತಿದ್ದಳು. ನಾನು ಊದುಗೊಳವೆಯಲ್ಲಿ ಊದಿದ ಹಾಗೆ ಎಂದು ಅನುವಾದಿಸಿದೆ. ಅತ್ತೆ ಜೋರಾಗಿ ಊದಿ ಕೆಮ್ಮು ಬಂದು ಕೂತರು. ಆಮೇಲೆ ಅಂದರು: "ಒಲೆ ಊದಿ ಊದಿ ಹೋದ ಉಸ್ರು ಕಣವ್ವ, ಈಗ ಮತ್ತೆ ಊದು ಅಂದ್ರೆ ಎಲ್ಲಿಂದ ತರ್ಲಿ?" ಅನುವಾದದಲ್ಲಿ ತಪ್ಪು ನನ್ನದೇ. ಮಾರನೇ ದಿನ ದೇವರ ಮುಂದೆ ದೀಪ ಹಚ್ಚಿ ತೋರಿಸಿದೆ: ಕುಡಿ ಬಾಗಬೇಕು, ಆರಬಾರದು. ಅದು ಅರ್ಥವಾಯಿತು. ಈಗ ಮೆಟ್ಟಿಲಿಗೆ ಕಾಲಿಡುವಾಗ ಉಸಿರು ಬಿಡುತ್ತಾರೆ, ನಿಂತು ಎಳೆದುಕೊಳ್ಳುತ್ತಾರೆ. ಶ್ರಮ ಬೀಳುವಾಗ ಉಸಿರು ಹೊರಗೆ.

ಎರಡನೆಯದು ಕೈ ಊರುವುದು. ಮುಂದಕ್ಕೆ ಸ್ವಲ್ಪ ಬಾಗಿ ತೋಳಿಗೆ ಆಧಾರ ಸಿಕ್ಕರೆ ಭುಜ, ಕತ್ತಿನ ಸ್ನಾಯುಗಳು ಉಸಿರಾಟಕ್ಕೆ ನೆರವಾಗುತ್ತವೆ. ಚಕ್ರದ ವಾಕರ್ ಕೊಡಿಸಿದರೆ "ನಾನೇನ್ ಮಗೂನಾ" ಎಂದು ಮುಟ್ಟಲಿಲ್ಲ. ಸೂಪರ್ ಮಾರ್ಕೆಟ್ಟಿನ ಟ್ರಾಲಿ ಹಿಡಿದುಕೊಂಡು ಮಾತ್ರ ಮೂರು ಸಾಲು ಸುತ್ತಿ ಬಂದರು! ಅಲ್ಲಿ ಎಲ್ಲರೂ ಹಿಡಿಯುತ್ತಾರಲ್ಲ, ಮರ್ಯಾದೆಗೆ ತೊಂದರೆಯಿಲ್ಲ.

ಮೂರನೆಯದು ಬೀಸಣಿಗೆ, ನಗಬೇಡಿ. ಮುಖಕ್ಕೆ ತಂಪು ಗಾಳಿ ಬಿದ್ದರೆ ಏದುಸಿರಿನ ಸಂಕಟ ಕಡಿಮೆಯಾಗುತ್ತದೆ. ಇಂಗ್ಲೆಂಡಿನಲ್ಲಿ 50 ಜನಕ್ಕೆ ಪುಟ್ಟ ಕೈಫ್ಯಾನನ್ನು ಒಮ್ಮೆ ಮುಖಕ್ಕೆ, ಒಮ್ಮೆ ಕಾಲಿಗೆ ಹಿಡಿಸಿ ನೋಡಿದ ಪ್ರಯೋಗ 2010ರಲ್ಲಿ ಬಂದಿದೆ. ಮುಖಕ್ಕೆ ಹಿಡಿದಾಗ ಉಪಶಮನ ಆಯಿತು. ನಮ್ಮದು ಕಾಂಕರಿಯಾ ಗೇಟಿನ ಹೊರಗೆ ಕೊಂಡ ನೂರೈವತ್ತು ರೂಪಾಯಿಯ ಬ್ಯಾಟರಿ ಫ್ಯಾನ್. ಮೊಮ್ಮಗನಿಗೆಂದು ತಂದದ್ದು, ಈಗ ಅಜ್ಜಿಯ ಸೆರಗಿನಲ್ಲಿರುತ್ತದೆ.

ನಾಲ್ಕನೆಯದು ಆಕ್ಸಿಜನ್. ಸುಮ್ಮನೆ ಕೂತಾಗಲೇ ಆಕ್ಸಿಜನ್ ತುಂಬಾ ಕಡಿಮೆ ಇರುವವರಿಗೆ ದಿನಕ್ಕೆ 15 ಗಂಟೆಗೂ ಹೆಚ್ಚು ಕೊಟ್ಟರೆ ಆಯಸ್ಸು ಹೆಚ್ಚುತ್ತದೆ ಎಂಬುದು 1980-81ರ ಪ್ರಯೋಗಗಳಿಂದಲೇ ಗೊತ್ತು. ಅವರಿಗೆ ಅದು ಬೇಕೇ ಬೇಕು. ಆದರೆ ಅತ್ತೆಯಂತೆ ನಡೆದಾಗ ಮಾತ್ರ ಇಳಿಯುವವರ ಕಥೆ ಬೇರೆ. ಆಸ್ಟ್ರೇಲಿಯಾದಲ್ಲಿ ಅಂಥ 111 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವ್ಯಾಯಾಮದ ಹೊತ್ತಿನಲ್ಲಿ ಆಕ್ಸಿಜನ್, ಇನ್ನೊಂದಕ್ಕೆ ಬರೀ ಗಾಳಿ ಕೊಟ್ಟರು. ಯಾರಿಗೆ ಯಾವುದು ಎಂದು ಗೊತ್ತಿರಲಿಲ್ಲ. 2019ರಲ್ಲಿ ಬಂದ ಫಲಿತಾಂಶ: ಎರಡೂ ಗುಂಪು ಸುಧಾರಿಸಿತು, ಆಕ್ಸಿಜನ್ ಗುಂಪು ಹೆಚ್ಚೇನೂ ಸುಧಾರಿಸಲಿಲ್ಲ. ಅತ್ತೆಗೂ ಎರಡು ರೀತಿಯಲ್ಲೂ ನಡೆಸಿ ನೋಡಿದರು, ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬದಲಿಗೆ ಎರಡು ನಿಮಿಷ ನಡಿಗೆ, ಒಂದು ನಿಮಿಷ ವಿರಾಮ ಎಂದು ತುಂಡು ಮಾಡಿದರು. ಮಂಚದ ಕೆಳಗಿನ ಮಷೀನ್ ಬೆನ್ ಮನೆಗೆ ವಾಪಸ್ ಹೋಯಿತು.

ಕೊನೆಯದು ಬೈಪ್ಯಾಪ್. ಮುಖಕ್ಕೆ ಬಿಗಿಯಾದ ಮಾಸ್ಕ್ ಹಾಕಿ, ಉಸಿರು ಎಳೆಯುವಾಗ ಒತ್ತಡದಿಂದ ಗಾಳಿ ತಳ್ಳುವ, ಬಿಡುವಾಗ ಒತ್ತಡ ಇಳಿಸುವ ಯಂತ್ರ. ಐಸಿಯುನಲ್ಲಿ ನೋಡಿರುತ್ತೀರಿ. ಅದನ್ನು ಹಾಕಿಕೊಂಡು ಸೈಕಲ್ ತುಳಿಯುವುದನ್ನು ನಾನು ಅಲ್ಲೇ ಮೊದಲ ಸಲ ಕಂಡದ್ದು. ಎಪ್ಪತ್ತು ದಾಟಿದ ಒಬ್ಬ ಕಾಕಾ, ಹಳೆಯ ಮಿಲ್ ಕಾರ್ಮಿಕರು. ಅಹಮದಾಬಾದಿನ ಮೊದಲ ಬಟ್ಟೆ ಮಿಲ್ ರಣಛೋಡಲಾಲ್ ಛೋಟಾಲಾಲ್ ಅವರದು, 1861ರಲ್ಲಿ ಶುರುವಾಯಿತು. ಆಮೇಲೆ ನಮ್ಮ ಈ ಪೂರ್ವಭಾಗವೆಲ್ಲಾ ಮಿಲ್ಲುಗಳೇ. ಕಾಕಾ ಹತ್ತಿ ಬಾಚುವ ಕಾರ್ಡಿಂಗ್ ವಿಭಾಗದಲ್ಲಿದ್ದವರು. ಧೂಳು ಅತಿ ಹೆಚ್ಚು ಅಲ್ಲೇ. ಭಾನುವಾರ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಹೋದರೆ ಎದೆ ಬಿಗಿಯುತ್ತಿತ್ತಂತೆ. ಹತ್ತಿಧೂಳಿನ ಬಿಸಿನೋಸಿಸ್ ಕಾಯಿಲೆಯ ಗುರುತೇ ಅದು. ಒಂದು ಕಡೆ ಹೊಗೆ, ಒಂದು ಕಡೆ ಹತ್ತಿ, ಇಬ್ಬರೂ ಬಂದು ಸೇರಿದ್ದು ಒಂದೇ ಕೋಣೆಗೆ.

ಕಾಕಾಗೆ ಮಾಸ್ಕ್ ಇಲ್ಲದೆ ಐದು ನಿಮಿಷವೂ ತುಳಿಯಲು ಆಗುತ್ತಿರಲಿಲ್ಲ, ಹಾಕಿಕೊಂಡರೆ ಹನ್ನೆರಡು ನಿಮಿಷ. ಕಾರಣ ಸರಳ. ಕಾಯಿಲೆ ತೀವ್ರವಾದವರಲ್ಲಿ ಉಸಿರಾಡುವ ಕೆಲಸವೇ ದೊಡ್ಡ ಕೂಲಿ, ರಕ್ತವೂ ಆಕ್ಸಿಜನ್ನೂ ಅಲ್ಲಿಗೇ ಖರ್ಚಾಗುತ್ತವೆ. ಆ ಕೂಲಿಯ ಒಂದು ಪಾಲನ್ನು ಯಂತ್ರ ಹೊತ್ತರೆ ಕಾಲಿನ ಪಾಲು ಕಾಲಿಗೆ ಸಿಗುತ್ತದೆ. ಕಾಲು ಹೆಚ್ಚು ದುಡಿದು ಗಟ್ಟಿಯಾಗುತ್ತದೆ. ಯಂತ್ರ ಇರುವುದು ಅಭ್ಯಾಸದ ಹೊತ್ತಿಗೆ ಮಾತ್ರ, ಹೊತ್ತು ತಿರುಗಲು ಅಲ್ಲ. ಹಾಗಾದರೆ ಎಲ್ಲರಿಗೂ ಹಾಕಬಹುದಲ್ಲ? 2014ರ ಕಾಕ್ರೇನ್ ವಿಮರ್ಶೆಗೆ ಸಿಕ್ಕಿದ್ದು ಆರೇ ಪ್ರಯೋಗ, 126 ರೋಗಿಗಳು. ಹೆಚ್ಚು ಜೋರಿನ ವ್ಯಾಯಾಮ ಮಾಡಲು ಸಾಧ್ಯವಾಗಬಹುದು ಎಂದು ಕಂಡಿತು, ಆದರೆ ಅದರಿಂದ ನಡೆಯುವ ಶಕ್ತಿಯೋ ದಿನನಿತ್ಯದ ಬದುಕೋ ಇನ್ನಷ್ಟು ಸುಧಾರಿಸುತ್ತದೆ ಎಂದು ಖಚಿತವಾಗಿ ಹೇಳಲು ಆಗಲಿಲ್ಲ. ಯಂತ್ರ ದುಬಾರಿ, ಒತ್ತಡ ಹೊಂದಿಸಲು ತಿಳಿದವರು ಪಕ್ಕದಲ್ಲೇ ಇರಬೇಕು, ಮಾಸ್ಕ್ ಎಲ್ಲರಿಗೂ ಒಗ್ಗುವುದಿಲ್ಲ. ಅತ್ತೆ ಒಮ್ಮೆ ಹಾಕಿಕೊಂಡು ನೋಡಿದರು. "ಕಣದಲ್ಲಿ ಎತ್ತಿನ ಬಾಯ್ಗೆ ಕುಕ್ಕೆ ಕಟ್ದಂಗೆ ಕಟ್ಟವ್ರೆ, ತಗೀರಪ್ಪ" ಎಂದು ಎರಡೇ ನಿಮಿಷಕ್ಕೆ ತೆಗೆಸಿದರು. ಅವರಿಗೆ ಅದರ ಅಗತ್ಯವೂ ಅಷ್ಟಿಲ್ಲ ಅಂದರು. ಕಾಕಾಗೆ ಅದಿಲ್ಲದೆ ವ್ಯಾಯಾಮವೇ ಇಲ್ಲ. ಯಾರಿಗೆ ಯಾವ ಆಸರೆ ಎಂಬುದನ್ನು ನಡೆಸಿ ನೋಡಿಯೇ ತೀರ್ಮಾನಿಸಬೇಕು, ನನ್ನ ಹಾಗೆ ಮಂಚದ ಕೆಳಗಿನಿಂದ ಎಳೆದು ತರುವುದಲ್ಲ.

ವಾರಕ್ಕೆ ಮೂರು ದಿನ, ಎಂಟು ವಾರ. ಮೊದಲ ಹದಿನೈದು ದಿನ ಅತ್ತೆಗೂ ನನಗೂ ಜಗಳ. ಏದುಸಿರು ಬಂತೆಂದರೆ ನಾನು ಕುರ್ಚಿ ತರಲು ಓಡುತ್ತಿದ್ದೆ, ಹುಡುಗಿ ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದಳು. ಏದುಸಿರಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವುದನ್ನು ಕಲಿಸಿದರು. ಅತ್ತೆಗೆ ಹೇಳಿದ ಮಿತಿ ನಾಲ್ಕು. ಅಷ್ಟು ಬರಬೇಕು, ಬರದಿದ್ದರೆ ವ್ಯಾಯಾಮ ಆಗಿಲ್ಲ ಎಂದರ್ಥ. ಎದೆನೋವು, ತಲೆಸುತ್ತು, ತುಟಿ ನೀಲಿಯಾಗುವುದು, ಇವು ಬಂದರೆ ಮಾತ್ರ ತಕ್ಷಣ ನಿಲ್ಲಿಸಬೇಕು. ಇತ್ತೀಚೆಗೆ ಹೃದಯಾಘಾತ ಆದವರು, ಜ್ವರ ಅಥವಾ ಕಫ ಉಲ್ಬಣಿಸಿರುವವರು ಡಾಕ್ಟರನ್ನು ಕೇಳದೆ ಶುರು ಮಾಡುವ ಹಾಗಿಲ್ಲ. ಇನ್‌ಹೇಲರ್ ಬಗ್ಗೆ ಒಂದೇ ಮಾತು: ಎರಡು ವರ್ಷದಿಂದ ಅತ್ತೆ ಅದನ್ನು ತಪ್ಪಾಗಿ ಬಳಸುತ್ತಿದ್ದರು, ಔಷಧಿ ನಾಲಿಗೆಯ ಮೇಲೇ ಉಳಿಯುತ್ತಿತ್ತು. ನಿಮ್ಮ ಮನೆಯಲ್ಲಿ ಯಾರಾದರೂ ಬಳಸುತ್ತಿದ್ದರೆ ಡಾಕ್ಟರ್ ಮುಂದೆ ಒಮ್ಮೆ ಮಾಡಿ ತೋರಿಸಲು ಹೇಳಿ.

ಎಂಟು ವಾರದ ಕೊನೆಗೆ ಅದೇ ಕಾರಿಡಾರ್, 255 ಮೀಟರ್. ಒಂದೇ ಸಲ ನಿಂತರು. 30 ಮೀಟರ್ ಆಸುಪಾಸು ಹೆಚ್ಚಿದರೂ ರೋಗಿಗೆ ತಿಳಿಯುವಂಥ ಬದಲಾವಣೆ ಅನ್ನುತ್ತಾರೆ, ಇವರದು 65. ಆಕ್ಸಿಜನ್ ಈಗಲೂ 87ಕ್ಕೆ ಇಳಿಯುತ್ತದೆ, ಶ್ವಾಸಕೋಶದ ಅಂಕಿ ಅಷ್ಟೇ ಇದೆ. ಬಿಟ್ಟರೆ ಗಳಿಸಿದ್ದೂ ಹೋಗುತ್ತದೆ. ಕಳೆದ ಮೇ ತಿಂಗಳ 44 ಡಿಗ್ರಿ ಸೆಖೆಯಲ್ಲಿ ಮೂರು ವಾರ ನಿಲ್ಲಿಸಿದ್ದಕ್ಕೆ ಮತ್ತೆ ಒಂದು ತಿಂಗಳು ಹಿಂದೆ ಬಿದ್ದೆವು. ಈಗ ನಮ್ಮ ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲೇ ನಡೆಯುತ್ತಾರೆ. ಮನೆಯಲ್ಲಿ ನೀರು ಅವರೇ ತಗೊಳ್ಳುತ್ತಾರೆ. ನನಗೆ ಈಗಲೂ ಬಾಯಿಗೆ "ಕೂತ್ಕೊಳ್ಳಿ" ಎಂದು ಬರುತ್ತದೆ, ನುಂಗಿಕೊಳ್ಳುತ್ತೇನೆ.

ಈ ಉತ್ತರಾಯಣದಂದು ಗಾಳಿಪಟ ನೋಡಲು ಟೆರೇಸಿಗೆ ಹೊರಟರು. ಲಿಫ್ಟ್ ಕೊನೆಯ ಮಹಡಿಯವರೆಗೆ, ಆಮೇಲೆ ಹದಿನೆಂಟು ಮೆಟ್ಟಿಲು. ನಾಲ್ಕು ಕಡೆ ನಿಂತು, ಫ್ಯಾನ್ ಹಿಡಿದು, ದೀಪ ಬಾಗಿಸುವ ಉಸಿರು ಬಿಡುತ್ತಾ ಹತ್ತಿದರು. ಮೇಲೆ ಹೋಗಿ ಮೊದಲು ಅಂದ ಮಾತು, "ಇದೇನವ್ವ, ಇಷ್ಟೊಂದ್ ಕೂಗ್ತವೆ?"

ಅಗೋ, ಬಂದರು. ಹಿಂದಿನ ಸಾಲಿನಲ್ಲಿ ಯಾರಾದರೂ ಕುರ್ಚಿ ಬಿಡಲು ಎದ್ದರೆ ದಯವಿಟ್ಟು ಒಂದು ನಿಮಿಷ ತಡೆಯಿರಿ, ಅವರು ಮೊದಲು ಗೋಡೆಗೆ ಕೈ ಊರಿ ನಿಲ್ಲುತ್ತಾರೆ, ಆಮೇಲೆ ತಾವೇ ಕೂರುತ್ತಾರೆ.

ಚಹಾ ಆದ ಮೇಲೆ ಹೊರಗಿನ ವರಾಂಡಾದಲ್ಲಿ ಟೇಪ್ ಹಿಡಿದು ಗುರುತು ಹಾಕೋಣ. 30 ಮೀಟರ್ ಇಲ್ಲ, ಅಳೆದಿದ್ದೇನೆ, 18 ಇದೆ, ಅಭ್ಯಾಸಕ್ಕೆ ಸಾಕು. ಆಕ್ಸಿಮೀಟರ್ ಎರಡು ತಂದಿದ್ದೇನೆ. ತುಟಿಯ ಉಸಿರು ಕಲಿಯಬೇಕೆನ್ನುವವರಿಗೆ ದೀಪವೂ ಇದೆ, ಕಲಿಸುವವರು ನಮ್ಮ ಅತ್ತೆ. ಸೂರತ್, ವಡೋದರಾದವರು ಕ್ಯಾಮೆರಾ ಆನ್ ಮಾಡಿಕೊಂಡು ಒಂದೊಂದು ಮೇಣದಬತ್ತಿ ಸಿದ್ಧ ಮಾಡಿಕೊಳ್ಳಿ.